ಹಳೆಯ ಮನೆಯ ಸುಣ್ಣದ ಗಾರೆ ಗೋಡೆಗೆ ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಅಗ್ರಹಾರದ ಮನೆಗಳಿರಲಿ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಹೆಂಚಿನ ಮನೆಗಳಿರಲಿ, ಮಲೆನಾಡಿನ ತೊಟ್ಟಿ ಮನೆಗಳಿರಲಿ, ಕರಾವಳಿಯ ಮುರಕಲ್ಲಿನ ಮನೆಗಳಿರಲಿ, ಹಳೆಯ ಗೋಡೆಗಳ ಮೇಲೆ ಬಹುಮಟ್ಟಿಗೆ ಕಾಣುವುದು ಸುಣ್ಣದ ಗಾರೆ. ಇಂಥ ಮನೆಗಳಿಗೆ ಬಣ್ಣ ಮಾಡಿಸಲು ಹೊರಟವರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಈ ಎಲ್ಲ ಉತ್ತರಗಳ ಹಿಂದೆ ಇರುವ ನಿಲುವು ಒಂದೇ: ಬಣ್ಣವನ್ನು ಆರಿಸಬೇಕಾದದ್ದು ಶೇಡ್ ಕಾರ್ಡ್ ನೋಡಿ ಅಲ್ಲ, ಆ ಗೋಡೆಯಲ್ಲಿ ನೀರು ಹೇಗೆ ಬಂದು ಹೇಗೆ ಹೋಗುತ್ತದೆ ಎಂಬುದನ್ನು ನೋಡಿ.

ಗೋಡೆಯನ್ನು ತಿಳಿಯಲು

ನಮ್ಮ ಅಜ್ಜನ ಕಾಲದ ಮನೆ. ಗೋಡೆ ಸುಣ್ಣದ ಗಾರೆಯದ್ದೋ ಸಿಮೆಂಟಿನದ್ದೋ ಹೇಗೆ ಗೊತ್ತಾಗುತ್ತೆ?

ಮನೆಯ ವಯಸ್ಸು ಮೊದಲ ಸುಳಿವು. ಪೋರಬಂದರಿನಲ್ಲಿ ಸಿಮೆಂಟ್ ತಯಾರಿಕೆ ಶುರುವಾದದ್ದು 1914ರಲ್ಲಿ. ಅದು ಸಾಮಾನ್ಯರ ಮನೆಯ ಗಿಲಾವಿಗೆ ಇಳಿಯಲು ಮತ್ತೂ ಹಲವು ದಶಕಗಳು ಬೇಕಾದವು. ಆದರೆ ಹಳೆಯ ಮನೆಗಳಲ್ಲಿ ಕೆಳಗಿನ ಮೂರು ಅಡಿ, ಬಚ್ಚಲಿನ ಸುತ್ತ, ವಿದ್ಯುತ್ ತಂತಿಯ ಕೊಳವೆ ಹಾಯಿಸಿದ ಜಾಗ ಮುಂತಾದ ಕಡೆ ಆಮೇಲೆ ಸಿಮೆಂಟ್ ಬಳಿದಿರುವುದು ಸಾಮಾನ್ಯವಾದ್ದರಿಂದ ಒಂದು ಕಡೆ ನೋಡಿ ಇಡೀ ಮನೆಯನ್ನು ತೀರ್ಮಾನಿಸಬಾರದು.

ಬೀರುವಿನ ಹಿಂದೆಯೋ ಬಾಗಿಲ ಚೌಕಟ್ಟಿನ ಮೇಲೆಯೋ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಮೊಳೆಯಿಂದ ಗೀಚಿ ನೋಡಿ. ಸುಣ್ಣದ ಗಾರೆಯಾದರೆ ಗೀರು ಸುಲಭವಾಗಿ ಬೀಳುತ್ತದೆ, ಉದುರುವ ಪುಡಿ ಬಿಳಿ ಅಥವಾ ಕೆನೆ ಬಣ್ಣದ್ದಾಗಿರುತ್ತದೆ, ಇಟ್ಟಿಗೆ ಪುಡಿಯ ಸುರ್ಕಿ ಬೆರೆಸಿದ್ದರೆ ನಸುಗೆಂಪಾಗಿರುತ್ತದೆ, ಮರಳಿನ ನಡುವೆ ಅಲ್ಲಲ್ಲಿ ಸಾಸಿವೆ ಗಾತ್ರದ ಬೆಳ್ಳನೆಯ ಸುಣ್ಣದ ಕಾಳುಗಳು ಕಾಣುತ್ತವೆ. ಸಿಮೆಂಟಿನ ಮೇಲೆ ಮೊಳೆ ಜಾರುತ್ತದೆ, ಪುಡಿ ಬೂದು ಬಣ್ಣದ್ದು. ಮಣ್ಣಿನ ಗಿಲಾವಾದರೆ ನೀರು ಹನಿಸಿದ ಕೂಡಲೇ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ವಿನೆಗರ್ ಹನಿಸಿ ನೊರೆ ಬಂದರೆ ಸುಣ್ಣ ಎಂದು ಕೆಲವರು ಹೇಳುತ್ತಾರೆ. ಹಳೆಯ ಸಿಮೆಂಟಿನಲ್ಲೂ ನೊರೆ ಬರುವುದರಿಂದ ಆ ಪರೀಕ್ಷೆಯನ್ನು ನಂಬಬೇಡಿ.

ಇಷ್ಟು ವರ್ಷ ಸುಣ್ಣ ಹೊಡೆದಾಗ ಏನೂ ಆಗಿರಲಿಲ್ಲ. ಒಳ್ಳೆ ಕಂಪನಿ ಪೇಂಟ್ ಹೊಡೆಸಿದ ಮೇಲೆ ಯಾಕೆ ಉಬ್ಬಿ ಉದುರ್ತಿದೆ?

ಸುಣ್ಣದ ಗಾರೆಯಾಗಲಿ, ಅದರ ಹಿಂದಿರುವ ಇಟ್ಟಿಗೆ, ಕಲ್ಲು, ಮಣ್ಣಾಗಲಿ ನೀರನ್ನು ಪೂರ್ತಿ ತಡೆಯುವ ವಸ್ತುಗಳಲ್ಲ. ಅವು ನೀರನ್ನು ಹೀರಿಕೊಂಡು, ಬಿಸಿಲು ಗಾಳಿ ಸಿಕ್ಕಾಗ ಬಿಟ್ಟುಕೊಡುತ್ತವೆ. ಹಳೆಯ ಮನೆಗಳ ಬುನಾದಿಯ ಮೇಲೆ ತೇವ ತಡೆಯುವ ಪದರವಿರುವುದು ಅಪರೂಪವಾದ್ದರಿಂದ ನೆಲದ ತೇವ ಗೋಡೆಯೊಳಗಿನ ಸೂಕ್ಷ್ಮ ರಂಧ್ರಗಳ ಮೂಲಕ ಸುಮಾರು ಮೂರು ಅಡಿಯವರೆಗೆ, ಕೆಲವೊಮ್ಮೆ ಅದಕ್ಕೂ ಮೇಲೆ, ಏರುತ್ತದೆ. ಬರುವಾಗ ಅದು ಮಣ್ಣಿನಲ್ಲಿರುವ ಕ್ಲೋರೈಡ್, ಸಲ್ಫೇಟ್, ನೈಟ್ರೇಟ್ ಲವಣಗಳನ್ನೂ ಕರಗಿಸಿಕೊಂಡು ಬರುತ್ತದೆ. ಮೇಲೆ ಬರಿ ಸುಣ್ಣವಿದ್ದಾಗ ನೀರು ಆವಿಯಾಗಿ ಹೊರಗೆ ಹೋಗುತ್ತಿತ್ತು, ಲವಣ ಗೋಡೆಯ ಮೈಮೇಲೆ ಬಿಳಿಯಾಗಿ ಕೂರುತ್ತಿತ್ತು, ಹಬ್ಬದ ಮುಂಚೆ ಮನೆಯವರು ಅದನ್ನು ಗುಡಿಸಿ ಮತ್ತೆ ಸುಣ್ಣ ಬಳಿಯುತ್ತಿದ್ದರು.

ಪ್ಲಾಸ್ಟಿಕ್ ಎಮಲ್ಷನ್ ಅಥವಾ ಆಯಿಲ್ ಪೇಂಟ್ ಈ ಹೊರದಾರಿಯನ್ನು ಕಿರಿದು ಮಾಡುತ್ತದೆ. ನೀರು ಬಣ್ಣದ ಪದರದ ಹಿಂದೆಯೇ ನಿಲ್ಲುತ್ತದೆ, ಲವಣವೂ ಅಲ್ಲೇ ಹರಳುಗಟ್ಟುತ್ತದೆ, ಹರಳು ಬೆಳೆದಂತೆ ಬಣ್ಣವನ್ನೂ ಅದರ ಹಿಂದಿನ ಗಾರೆಯ ಮೈಯನ್ನೂ ತಳ್ಳುತ್ತದೆ. ಅಂಥ ಒಂದು ಉಬ್ಬನ್ನು ಬೆರಳಿನಿಂದ ಒತ್ತಿ ನೋಡಿ: ಬಣ್ಣ ಹಾಳೆಯಂತೆ ಬಿರಿದು, ಒಳಗಿನಿಂದ ನಯವಾದ ಗಾರೆ ಪುಡಿಯೂ ಅದರೊಡನೆ ಹತ್ತಿಯ ಎಳೆಯಂಥ ಬಿಳಿ ಹರಳುಗಳೂ ಉದುರುತ್ತವೆ. ಹಕ್ಕಳೆಯ ಹಿಂಬದಿಯಲ್ಲಿ ಅಂಟಿಕೊಂಡಿರುವುದು ನಿಮ್ಮ ಮನೆಯ ಮೂಲ ಗಾರೆ. ಬಣ್ಣ ಕಳಪೆಯಾದ್ದರಿಂದ ಹೀಗಾಯಿತು ಎಂದು ಇನ್ನೂ ಗಟ್ಟಿಯಾದ, ಇನ್ನೂ ದುಬಾರಿಯಾದ ಬಣ್ಣ ಬಳಿಸಿದರೆ ಪ್ರತಿ ಸಲವೂ ಗಾರೆ ಇನ್ನಷ್ಟು ತೆಳುವಾಗುತ್ತದೆ.

ಗೋಡೆ ಮೇಲೆ ಈಗ ಯಾವ ಬಣ್ಣ ಇದೆ ಅಂತ ಪತ್ತೆ ಮಾಡೋದು ಹೇಗೆ?

ಒಣ ಕೈಯಿಂದ ಉಜ್ಜಿದಾಗ ಬಿಳಿ ಪುಡಿ ಅಂಟಿದರೆ ಅದು ಸುಣ್ಣ ಅಥವಾ ಒಣ ಡಿಸ್ಟೆಂಪರ್ (ಪುಡಿಯಾಗಿ ಸಿಕ್ಕುವ, ನೀರಿನಲ್ಲಿ ಕಲಸಿ ಬಳಿಯುವ ಬಣ್ಣ). ಒದ್ದೆ ಬಟ್ಟೆಯಿಂದ ಒರೆಸಿದಾಗ ಬಣ್ಣ ಕರಗಿ ಬಂದರೆ ಒಣ ಡಿಸ್ಟೆಂಪರ್ ಎಂದು ತಿಳಿಯಬಹುದು. ಎರಡಕ್ಕೂ ಜಗ್ಗದಿದ್ದರೆ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಉಜ್ಜಿ ನೋಡಿ. ಬಣ್ಣ ಮೆತ್ತಗಾಗಿ ಅಂಟಂಟಾದರೆ ಅದು ಎಮಲ್ಷನ್, ಏನೂ ಆಗದೆ ಹೊಳಪು ಹಾಗೆಯೇ ಉಳಿದರೆ ಬಹುತೇಕ ಆಯಿಲ್ ಪೇಂಟ್. ಬಚ್ಚಲು, ಅಡುಗೆಮನೆಗಳಲ್ಲಿ ಕೆಳಗಿನ ನಾಲ್ಕೈದು ಅಡಿಗೆ ಮಾತ್ರ ಆಯಿಲ್ ಪೇಂಟ್ ಬಳಿಯುವ ರೂಢಿ ಇದ್ದುದರಿಂದ ಮೇಲೂ ಕೆಳಗೂ ಬೇರೆ ಬೇರೆಯಾಗಿ ಪರೀಕ್ಷಿಸಿ.

ಬಣ್ಣದ ಆಯ್ಕೆ

ಹಾಗಾದ್ರೆ ಎಮಲ್ಷನ್ ಹೊಡೆಯಲೇಬಾರದಾ?

ಎಲ್ಲ ಗೋಡೆಗೂ ಒಂದೇ ನಿಯಮವಿಲ್ಲ. ಮಹಡಿಯ ಒಳಗೋಡೆ, ಎರಡು ಕೋಣೆಗಳ ನಡುವಿನ ಅಡ್ಡಗೋಡೆ, ವರ್ಷವಿಡೀ ಒಣಗಿರುವ ಗೋಡೆ ಇವುಗಳಿಗೆ ಹೊಳಪಿಲ್ಲದ ಎಮಲ್ಷನ್ನನ್ನು ತೆಳುವಾಗಿ ಬಳಿದರೆ ಹಾನಿ ಕಡಿಮೆ. ನೆಲಮಟ್ಟದ ಹೊರಗೋಡೆ, ಬಚ್ಚಲಿಗೆ ತಾಗಿದ ಗೋಡೆ, ಮಳೆ ಬಡಿಯುವ ಪಡುವಣ ಗೋಡೆ ಇವುಗಳಿಗೆ ಮಾತ್ರ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಯಲ್ಲಿ 'ಬ್ರೀದಬಲ್' ಎಂದು ಹೇಳಿ ಮಾರುವ ಡಬ್ಬಗಳ ವಿಚಾರದಲ್ಲಿ ಒಂದು ಅಂಕಿಯನ್ನು ಕೇಳಿ ತಿಳಿದುಕೊಳ್ಳಿ. ಬಣ್ಣದ ಪದರ ನೀರಾವಿಗೆ ಎಷ್ಟು ತಡೆ ಒಡ್ಡುತ್ತದೆ ಎಂಬುದನ್ನು ಅಷ್ಟೇ ತಡೆ ಒಡ್ಡುವ ಗಾಳಿಯ ಪದರದ ದಪ್ಪದಲ್ಲಿ ಹೇಳುವ ಎಸ್‌ಡಿ ಮೌಲ್ಯ ಅದು. ಯೂರೋಪಿನ ವರ್ಗೀಕರಣದಲ್ಲಿ 0.14 ಮೀಟರಿಗಿಂತ ಕಡಿಮೆ ಇದ್ದರೆ ಆವಿಗೆ ಸಲೀಸಾದ ಬಣ್ಣ, 1.4 ಮೀಟರಿಗಿಂತ ಹೆಚ್ಚಾದರೆ ಆವಿಯನ್ನು ಬಹಳ ತಡೆಯುವ ಬಣ್ಣ. ಕಂಪನಿಯ ತಾಂತ್ರಿಕ ಹಾಳೆಯಲ್ಲಿ ಈ ಅಂಕಿ ಇಲ್ಲದಿದ್ದರೆ ಡಬ್ಬದ ಮೇಲಿನ ಮಾತನ್ನು ಹಳೆಯ ಗೋಡೆಯ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಸುಣ್ಣ ಅಂದ್ರೆ ಬರೀ ಬಿಳಿ. ನಮಗೆ ಬಣ್ಣ ಬೇಕು. ಏನು ಬೆರೆಸಬಹುದು?

ಸುಣ್ಣದ ತೀವ್ರ ಕ್ಷಾರಕ್ಕೆ ತಾಳಿಕೊಳ್ಳುವ ಬಣ್ಣಗಳನ್ನು ಮಾತ್ರ ಬೆರೆಸಬೇಕು. ಕಬ್ಬಿಣದ ಆಕ್ಸೈಡಿನಿಂದ ಬರುವ ಕೆಂಪು, ಹಳದಿ, ಕಂದು, ಕಪ್ಪು ಬಣ್ಣಗಳು, ಕೆಮ್ಮಣ್ಣು, ಹಳದಿ ಮಣ್ಣು, ಅಲ್ಟ್ರಾಮರೀನ್ ನೀಲಿ ಇವೆಲ್ಲ ಬಾಳುತ್ತವೆ. ಪ್ರಷ್ಯನ್ ನೀಲಿ ಸುಣ್ಣದಲ್ಲಿ ಕೆಡುತ್ತದೆ. ಸಸ್ಯಮೂಲದ ಬಣ್ಣಗಳಲ್ಲೂ ಹೆಚ್ಚಿನವು ಬೇಗ ಮಾಸುತ್ತವೆ. ಬಣ್ಣದ ಪುಡಿ ಸುಣ್ಣದ ತೂಕದ ಹತ್ತನೇ ಒಂದು ಪಾಲನ್ನು ಮೀರದಿರಲಿ, ಹೆಚ್ಚಾದರೆ ಸುಣ್ಣ ಅದನ್ನು ಹಿಡಿದಿಡಲಾರದೆ ಪುಡಿ ಉದುರುತ್ತದೆ. ಪುಡಿಯನ್ನು ನೇರವಾಗಿ ಸುಣ್ಣಕ್ಕೆ ಸುರಿಯದೆ ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ ಕಲಸಿಡಿ. ಒಣಗಿದ ಮೇಲೆ ಬಣ್ಣ ಬಹಳ ತಿಳಿಯಾಗುವುದರಿಂದ ಬಕೆಟ್ಟಿನಲ್ಲಿ ಕಂಡದ್ದನ್ನು ನಂಬದೆ ಗೋಡೆಯ ಮೇಲೆ ಒಂದಡಿ ಚೌಕ ಬಳಿದು, ಪೂರ್ತಿ ಒಣಗಿದ ಮೇಲೆ ತೀರ್ಮಾನಿಸಿ. ಒಂದು ಗೋಡೆಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿಕೊಳ್ಳಿ, ಎರಡನೆಯ ಸಲ ಅದೇ ಛಾಯೆ ಬರುವುದು ಕಷ್ಟ.

ಡಿಸ್ಟೆಂಪರ್ ನಡುದಾರಿ ಅಲ್ವಾ?

ಒಣಗಿದ ಒಳಗೋಡೆಗೆ ಒಣ ಡಿಸ್ಟೆಂಪರ್ ತೊಂದರೆ ಕೊಡುವುದಿಲ್ಲ, ಮುಂದೆ ತೊಳೆದು ತೆಗೆಯಲೂ ಬಹುದು. ಆಯಿಲ್ ಬೌಂಡ್ ಅಥವಾ ಅಕ್ರಿಲಿಕ್ ಡಿಸ್ಟೆಂಪರ್ ಹೆಸರಿಗೆ ಡಿಸ್ಟೆಂಪರ್ ಆದರೂ ತೇವದ ಗೋಡೆಯಲ್ಲಿ ಎಮಲ್ಷನ್ನಿನ ಸಾಲಿಗೇ ಸೇರುತ್ತದೆ.

ಸಿಲಿಕೇಟ್ ಪೇಂಟ್ ಬಗ್ಗೆ ಕೇಳಿದ್ದೇವೆ, ಅದು ನಮ್ಮ ಮನೆಗೆ ಆಗುತ್ತಾ?

ಆಗುತ್ತದೆ, ಮುಖ್ಯವಾಗಿ ಹೊರಗೋಡೆಗೆ. ಬವೇರಿಯಾದ ಅಡೋಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಬಣ್ಣದಲ್ಲಿ ಪೊಟ್ಯಾಸಿಯಂ ಸಿಲಿಕೇಟ್ ಗಾರೆಯೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆಯೇ ಹೊರತು ಮೇಲೆ ಪೊರೆಯಾಗಿ ನಿಲ್ಲುವುದಿಲ್ಲ, ಆದ್ದರಿಂದ ನೀರಾವಿ ಸಲೀಸಾಗಿ ಹಾಯುತ್ತದೆ. ತೊಡಕು ಎರಡು: ಬೆಲೆ ಹೆಚ್ಚು, ಮತ್ತು ಹಳೆಯ ಎಮಲ್ಷನ್ ಪೂರ್ತಿ ತೆಗೆದ ಗೋಡೆಯ ಮೇಲೆ ಮಾತ್ರ ಅದು ಹಿಡಿಯುತ್ತದೆ. ಒಮ್ಮೆ ಹಿಡಿದರೆ ಸುಣ್ಣದಂತೆ ಸುಲಭವಾಗಿ ಹೆರೆದು ತೆಗೆಯಲಾಗದು ಎಂಬುದನ್ನೂ ನೆನಪಿಡಿ.

ಕೆಲಸದ ಕ್ರಮ

ಗೋಡೆ ತಟ್ಟಿದರೆ ಟೊಳ್ಳು ಸದ್ದು ಬರುತ್ತೆ. ಮೇಸ್ತ್ರಿ ಎಲ್ಲಾ ಕೆತ್ತಿ ಸಿಮೆಂಟ್ ಹಾಕೋಣ ಅಂತಾರೆ. ಒಪ್ಪಿಕೊಳ್ಳಬಹುದಾ?

ಒಪ್ಪಿಕೊಳ್ಳಬೇಡಿ. ಟೊಳ್ಳು ಸದ್ದು ಬಂದ ಮಾತ್ರಕ್ಕೆ ಗಾರೆ ಸತ್ತಿದೆ ಎಂದಲ್ಲ. ಒತ್ತಿದಾಗ ಅಲುಗದಿದ್ದರೆ, ಅಂಚು ಬಿಟ್ಟುಕೊಂಡಿರದಿದ್ದರೆ ಅಂಥ ಗಾರೆ ಇನ್ನೂ ಬಹುಕಾಲ ನಿಲ್ಲುತ್ತದೆ. ಇಡೀ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದು, ಟೊಳ್ಳಾದ ಜಾಗಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿ, ಅವುಗಳಲ್ಲಿ ಅಲುಗುವ ಭಾಗವನ್ನಷ್ಟೇ ತೆಗೆಸಿ. ಆ ಜಾಗವನ್ನು ಚೆನ್ನಾಗಿ ನೆನೆಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು ಸೇರಿಸಿದ ಗಾರೆಯನ್ನು ಅರ್ಧ ಇಂಚಿಗಿಂತ ದಪ್ಪವಾಗದಂತೆ ಪದರ ಪದರವಾಗಿ ತುಂಬಿಸಬೇಕು. ಪ್ರತಿ ಪದರ ಗಟ್ಟಿಯಾಗುವವರೆಗೆ ಗೋಣಿತಟ್ಟಿನಿಂದ ತೇವ ಕಾಯ್ದುಕೊಳ್ಳುವುದು ಇಲ್ಲಿ ಬಹುಮುಖ್ಯ, ಏಕೆಂದರೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವ ಕ್ರಿಯೆಗೆ ತೇವ ಬೇಕು. ಕೂದಲೆಳೆಯ ಬಿರುಕುಗಳಿಗೆ ಗಾರೆಯೂ ಬೇಡ, ಗಟ್ಟಿಯಾಗಿ ಕಲಸಿದ ಸುಣ್ಣದ ನೀರನ್ನು ಕುಂಚದಿಂದ ಉಣಿಸಿದರೆ ಸಾಕು. ಬಿರುಕು ಓರೆಯಾಗಿ ಹಾದು ದಿನೇ ದಿನೇ ಅಗಲವಾಗುತ್ತಿದ್ದರೆ ಅದು ಬಣ್ಣದವರ ಕೆಲಸವಲ್ಲ. ಬುನಾದಿ ನೋಡಬಲ್ಲ ಎಂಜಿನಿಯರನ್ನು ಮೊದಲು ಕರೆಯಿರಿ.

ಸಿಮೆಂಟ್ ಬೇಡ ಎನ್ನಲು ಕಾರಣ ಅದು ಸುಣ್ಣದ ಗೋಡೆಗಿಂತ ಬಹಳ ಗಡುಸು, ಬಹಳ ಬಿಗಿ. ತೇಪೆಯ ಹಿಂದೆ ಸಿಕ್ಕಿಕೊಂಡ ನೀರು ಅದರ ಅಂಚಿನಿಂದ ಹೊರಬಂದು, ಅಲ್ಲಿಯವರೆಗೆ ಚೆನ್ನಾಗಿದ್ದ ಸುಣ್ಣದ ಗಾರೆಯನ್ನೂ ಕೆಡಿಸುತ್ತದೆ. ಕೆಳಗಿನ ಮೂರು ಅಡಿಗೆ ಸಿಮೆಂಟ್ ಬಳಿದ ಮನೆಗಳಲ್ಲಿ ತೇವದ ಗೆರೆ ಕೆಲವು ವರ್ಷಗಳಲ್ಲಿ ನಾಲ್ಕೈದು ಅಡಿಗೆ ಏರುವುದು ಇದೇ ಕಾರಣಕ್ಕೆ.

ಪುಟ್ಟಿ ಹಾಕದೆ ಗೋಡೆ ನೈಸ್ ಆಗಲ್ಲ ಅಂತಾರಲ್ಲ?

ಸಿಮೆಂಟ್ ಪುಟ್ಟಿಯೂ ಅಕ್ರಿಲಿಕ್ ಪುಟ್ಟಿಯೂ ತೇವದ ಸುಣ್ಣದ ಗೋಡೆಯ ಮೇಲೆ ಎಮಲ್ಷನ್ನಿನಂತೆಯೇ ಹಾಳೆಯಾಗಿ ಎದ್ದುಬರುತ್ತವೆ. ನುಣುಪೇ ಬೇಕಿದ್ದರೆ ನೀರಿನಲ್ಲಿ ಚೆನ್ನಾಗಿ ಅರಳಿ ಹದವಾದ ಸುಣ್ಣಕ್ಕೆ ಜರಡಿ ಹಿಡಿದ ನಯವಾದ ಮರಳನ್ನೋ ಕಲ್ಲಿನ ಪುಡಿಯನ್ನೋ ಸೇರಿಸಿ, ಒಂದೆರಡು ಮಿಲಿಮೀಟರಿನ ತೆಳು ಪದರವನ್ನು ಕರಣೆಯಿಂದ ಎಳೆಸಿ. ಹಳೆಯ ಗೋಡೆಯ ಮೆಲ್ಲನೆಯ ಏರುತಗ್ಗುಗಳು ದೋಷವಲ್ಲ, ಅದನ್ನು ಕನ್ನಡಿಯಂತೆ ಸಪಾಟು ಮಾಡಲು ಹಣ ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಸುಣ್ಣ ಕಲಸೋದು, ಬಳಿಯೋದು ಸರಿಯಾಗಿ ಹೇಗೆ? ಈಗಿನ ಹುಡುಗರಿಗೆ ಗೊತ್ತಿಲ್ಲ.

ಸುಟ್ಟ ಸುಣ್ಣದ ಕಲ್ಲು ಅಥವಾ ಕರಾವಳಿಯ ಚಿಪ್ಪು ಸುಣ್ಣ ಹೊಸದಾಗಿರಬೇಕು. ಗಾಳಿಗೆ ತೆರೆದಿಟ್ಟು ಪುಡಿಯಾದದ್ದು ಆಗಲೇ ಶಕ್ತಿ ಕಳೆದುಕೊಂಡಿರುತ್ತದೆ. ಅಗಲ ಬಾಯಿಯ ಲೋಹದ ಪಾತ್ರೆಯಲ್ಲಿ ಮೊದಲು ನೀರು ತುಂಬಿ, ಅದಕ್ಕೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ; ಸುಣ್ಣದ ಮೇಲೆ ನೀರು ಸುರಿಯಬಾರದು. ಅರಳುವಾಗ ನೀರು ಕುದಿದು ಸಿಡಿಯುವಷ್ಟು ಶಾಖ ಹುಟ್ಟುವುದರಿಂದ ಕಣ್ಣಿಗೆ ಮುಚ್ಚಿದ ಕನ್ನಡಕ, ಕೈಗೆ ರಬ್ಬರ್ ಗವಸು ಇರಲೇಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಕಣ್ಣಿಗೆ ಸುಣ್ಣ ಬಿದ್ದರೆ ಉಜ್ಜದೆ, ಕೂಡಲೇ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು, ತಡಮಾಡದೆ ಕಣ್ಣಿನ ವೈದ್ಯರ ಬಳಿ ಹೋಗಿ.

ಪ್ರತಿ ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು ಎಂಬುದು ಸರ್ಕಾರಿ ಕಟ್ಟಡ ಕೆಲಸಗಳಲ್ಲಿ ಪಾಲಿಸುವ ಅಳತೆ. ಕನಿಷ್ಠ 24 ಗಂಟೆ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಬೇಕು. ವಾರಗಟ್ಟಲೆ ನೀರಿನಡಿಯಲ್ಲಿ ಇಟ್ಟ ಸುಣ್ಣ ಇನ್ನೂ ಮೃದುವಾಗಿ ಹರಡುತ್ತದೆ. ಬಳಿಯುವಾಗ ಅದು ಹಾಲಿನಷ್ಟು ತೆಳುವಾಗಿರಬೇಕು. ಗಟ್ಟಿಯಾಗಿ ಎರಡೇ ಕೋಟಿನಲ್ಲಿ ಮುಗಿಸಲು ಹೊರಡುವುದೇ ಸುಣ್ಣ ಹಕ್ಕಳೆ ಏಳುವುದಕ್ಕೆ ಮುಖ್ಯ ಕಾರಣ.

ಗೋಡೆಯ ಸಡಿಲ ಪುಡಿಯನ್ನು ಗುಡಿಸಿ, ನೀರು ಸಿಂಪಡಿಸಿ, ಮೈ ತೇವವಾಗಿದ್ದರೂ ನೀರು ಇಳಿಯದಂಥ ಹದದಲ್ಲಿ ಶುರುಮಾಡಿ. ನಾರಿನ ಅಗಲ ಕುಂಚದಿಂದ ಒಮ್ಮೆ ಅಡ್ಡ, ಒಮ್ಮೆ ಉದ್ದ ಬಳಿಯಿರಿ. ಬಳಿದ ಕೂಡಲೇ ಏನೂ ಕಾಣುವುದಿಲ್ಲ, ಒದ್ದೆ ಗೋಡೆಯ ಮೇಲೆ ಹಳೆಯ ಕಲೆಗಳೆಲ್ಲ ಹಾಗೇ ತೋರುತ್ತವೆ. ಕೆಲಸದವರು ಗಾಬರಿಯಾಗಿ ಇನ್ನೂ ದಪ್ಪ ಬಳಿಯುವುದು ಈ ಘಳಿಗೆಯಲ್ಲೇ. ತಾಳ್ಮೆಯಿಂದ ಬಿಟ್ಟರೆ ಒಣಗುತ್ತಾ ಬಂದಂತೆ ಅಂಚಿನಿಂದ ಒಳಕ್ಕೆ ಬಿಳುಪು ಏರುತ್ತದೆ. ಕೋಟಿನಿಂದ ಕೋಟಿಗೆ ಒಂದು ದಿನದ ಅಂತರವಿರಲಿ, ಪ್ರತಿ ಸಲವೂ ಮೊದಲು ನೀರು ಸಿಂಪಡಿಸಿ. ಹೊಸ ಗಾರೆಗೆ ನಾಲ್ಕೈದು ತೆಳು ಕೋಟು, ಹಳೆಯ ಸುಣ್ಣದ ಮೇಲೆ ಎರಡು ಮೂರು ಸಾಕು. ನೇರ ಬಿಸಿಲು ಬೀಳುವ ಗೋಡೆಯನ್ನು ನೆರಳು ಬಂದ ಮೇಲೆ ಬಳಿಯಿರಿ.

ಬಟ್ಟೆಗೆ ಸುಣ್ಣ ಅಂಟದ ಹಾಗೆ ಏನು ಬೆರೆಸಬೇಕು? ಕೆಲವರು ಫೆವಿಕಾಲ್ ಅಂತಾರೆ, ಕೆಲವರು ಉಪ್ಪು ಅಂತಾರೆ.

ತೆಳುವಾಗಿ, ತೇವದ ಗೋಡೆಯ ಮೇಲೆ ಬಳಿದ ಸುಣ್ಣ ಏನನ್ನೂ ಬೆರೆಸದೆಯೂ ಅಷ್ಟಾಗಿ ಅಂಟುವುದಿಲ್ಲ. ಇನ್ನೂ ಬಿಗಿ ಬೇಕಿದ್ದರೆ ಬಿಸಿನೀರಿನಲ್ಲಿ ಕರಗಿಸಿದ ಗೋಂದು ಅಥವಾ ಅಕ್ಕಿ ಗಂಜಿಯನ್ನು ಸ್ವಲ್ಪವೇ ಸೇರಿಸಿ. ಬೆಣ್ಣೆ ತೆಗೆದ ಹಾಲೂ ಆದೀತು. ಇವು ಬೂಷ್ಟಿಗೆ ಆಹಾರವಾಗುವುದರಿಂದ ಬಚ್ಚಲು, ಮಳೆಗಾಲದ ಮಲೆನಾಡಿನ ಕತ್ತಲೆ ಕೋಣೆಗಳಿಗೆ ಬೇಡ. ಫೆವಿಕಾಲಿನಂಥ ಅಂಟು ಹೆಚ್ಚಿದಷ್ಟೂ ಸುಣ್ಣ ಪ್ಲಾಸ್ಟಿಕ್ ಪೊರೆಯ ಗುಣವನ್ನು ಪಡೆಯುತ್ತದೆ. ಲವಣವೇ ಕಾಯಿಲೆಯಾಗಿರುವ ಗೋಡೆಗೆ ಉಪ್ಪನ್ನು ನಾವೇ ಹಾಕುವುದಂತೂ ಕೂಡದು.

ಬಣ್ಣ ಮಾಡಿಸಲು ಯಾವ ಕಾಲ ಒಳ್ಳೆಯದು?

ಕರಾವಳಿ, ಮಲೆನಾಡುಗಳಲ್ಲಿ ಡಿಸೆಂಬರಿನಿಂದ ಫೆಬ್ರುವರಿ. ಮಳೆ ನಿಂತ ಕೂಡಲೇ ದೀಪಾವಳಿಗೆ ಮುಗಿಸುವ ಆತುರದಲ್ಲಿ ಗೋಡೆಯೊಳಗಿನ ನೀರು ಆರಿರುವುದಿಲ್ಲ. ಬಯಲುಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಉರಿ ಬಿಟ್ಟು ಬೇರೆ ಒಣ ದಿನಗಳೆಲ್ಲ ಆಗುತ್ತವೆ.

ಕಷ್ಟದ ಪ್ರಶ್ನೆಗಳು

ಕೆಳಗಿನ ಮೂರು ಅಡಿ ಉಪ್ಪು ಹಿಡಿದು ಪುಡಿ ಉದುರುತ್ತಲೇ ಇರುತ್ತೆ. ಡ್ಯಾಂಪ್ ಪ್ರೂಫ್ ಹೊಡೆಸಿದರೂ ನಿಂತಿಲ್ಲ. ಏನು ಮಾಡಬೇಕು?

ಮೊದಲು ಮನೆಯ ಹೊರಗೆ ಹೋಗಿ ಗೋಡೆಯ ಬುಡವನ್ನು ನೋಡಿ. ನಮ್ಮ ಊರುಗಳಲ್ಲಿ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ಅಂಗಳಕ್ಕೆ ಕಾಂಕ್ರೀಟ್ ಬಿದ್ದು, ಹೊರನೆಲ ಒಳನೆಲಕ್ಕಿಂತ ಎತ್ತರವಾಗಿರುವ ಹಳೆಯ ಮನೆಗಳು ಬಹಳ. ಹೆಂಚು ಒಡೆದಿದೆಯೇ, ದಂಬೆಯ ನೀರು ಗೋಡೆಗೇ ಬೀಳುತ್ತಿದೆಯೇ, ಬಚ್ಚಲ ಕೊಳವೆ ಸೋರುತ್ತಿದೆಯೇ, ಹೂವಿನ ಗಿಡಗಳಿಗೆ ಗೋಡೆಗೆ ತಾಗುವಂತೆ ನೀರು ಹಾಯಿಸುತ್ತಿದ್ದೀರೇ ಎಂಬುದನ್ನೂ ನೋಡಿ. ಈ ಮೂಲಗಳನ್ನು ಸರಿಪಡಿಸದೆ ಒಳಗಿನಿಂದ ಬಳಿಯುವ ಯಾವ ಡ್ಯಾಂಪ್ ಪ್ರೂಫ್ ಬಣ್ಣವೂ ನೀರನ್ನು ನಿಲ್ಲಿಸಲಾರದು, ಇನ್ನಷ್ಟು ಮೇಲಕ್ಕೆ ತಳ್ಳಬಹುದು ಅಷ್ಟೇ.

ತೇವ ನೆಲದಿಂದ ಬರುತ್ತಿದೆಯೋ ಕೋಣೆಯ ಗಾಳಿಯಿಂದ ಕೂರುತ್ತಿದೆಯೋ ಎಂದು ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಒದ್ದೆಯಾದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಮುಂಬದಿ ಒದ್ದೆಯಾದರೆ ಅದು ಕೋಣೆಯ ಆವಿ.

ಮೂಲ ಸರಿಯಾದ ಮೇಲೆ ಎಮಲ್ಷನ್, ಪುಟ್ಟಿ, ಸಿಮೆಂಟ್ ತೇಪೆಗಳನ್ನು ತೆಗೆದು ಗೋಡೆಯನ್ನು ಆರಲು ಬಿಡಬೇಕು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬ ರೂಢಿಯ ಲೆಕ್ಕ ಹಿಡಿದರೆ 18 ಇಂಚಿನ ಗೋಡೆ ಆರಲು ಒಂದೂವರೆ ವರ್ಷ ಬೇಕು. ಇದು ಬೇಸರದ ಮಾತೆಂದು ಗೊತ್ತು, ಆದರೂ ಇದಕ್ಕೆ ಅಡ್ಡದಾರಿ ಇಲ್ಲ. ಈ ಅವಧಿಯಲ್ಲಿ ಮೇಲೆ ಬರುವ ಲವಣವನ್ನು ಒಣ ಕುಂಚದಿಂದ ಗುಡಿಸಿ ಮೊರದಲ್ಲಿ ಹಿಡಿದು ಹೊರಗೆ ಎಸೆಯಿರಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಕೆಟ್ಟುಹೋದ ಭಾಗಕ್ಕೆ ಸಡಿಲವಾದ, ರಂಧ್ರ ಹೆಚ್ಚಿರುವ ಸುಣ್ಣದ ಗಾರೆ ಹಾಕಿಸಿ. ಲವಣ ಅದರಲ್ಲಿ ಸೇರಿ ಕೆಲವು ವರ್ಷಗಳಲ್ಲಿ ಅದು ಹಾಳಾಗುತ್ತದೆ, ಆಗ ಅದನ್ನಷ್ಟೇ ಕಿತ್ತು ಹೊಸದು ಹಾಕಬೇಕು. ಮೂಲ ಗೋಡೆಯನ್ನು ಉಳಿಸಲು ಬೇಕೆಂದೇ ಹಾಕುವ ಬಲಿಪದರ ಅದು.

ಈಗಾಗಲೇ ನಾಲ್ಕೈದು ಕೋಟು ಎಮಲ್ಷನ್ ಇದೆ. ಅದರ ಮೇಲೆಯೇ ಸುಣ್ಣ ಬಳಿದರೆ?

ಹಿಡಿಯುವುದಿಲ್ಲ. ಸುಣ್ಣ ಗಾರೆಯ ರಂಧ್ರಗಳೊಳಗೆ ಇಳಿದು ಕಲ್ಲಾಗಬೇಕು, ಎಮಲ್ಷನ್ನಿನಲ್ಲಿ ಅಂಥ ದಾರಿಯಿಲ್ಲ. ತೇವವಿರುವ ಕಡೆ ಎಮಲ್ಷನ್ ತಾನಾಗಿಯೇ ಸಡಿಲವಾಗಿರುವುದರಿಂದ ಹೆರೆಯುವ ಅಗಲ ಅಲಗಿನಿಂದ ಹಾಳೆ ಹಾಳೆಯಾಗಿ ಎತ್ತಬಹುದು. ಗಟ್ಟಿಯಾಗಿ ಹಿಡಿದಿರುವ ಕಡೆ ಹಬೆಯಂತ್ರದಿಂದ ಮೆತ್ತಗೆ ಮಾಡಿ, ಅಲಗನ್ನು ಗೋಡೆಗೆ ಮಲಗಿಸಿ ಹಿಡಿದು ತೆಗೆಯಬೇಕು. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ, ಏಕೆಂದರೆ ಹೆಚ್ಚು ಹಬೆ ಗಾರೆಯನ್ನೂ ಸಡಿಲಿಸುತ್ತದೆ. ಗ್ರೈಂಡರ್ ಯಂತ್ರವನ್ನು ಮಾತ್ರ ಮನೆಯೊಳಗೆ ಬಿಡಬೇಡಿ, ಅದು ಕೆಲವೇ ನಿಮಿಷಗಳಲ್ಲಿ ಗಾರೆಯ ಗಟ್ಟಿ ಮೈಯನ್ನು ತಿಂದುಹಾಕುತ್ತದೆ.

ಹಳೆ ಆಯಿಲ್ ಪೇಂಟಿನಲ್ಲಿ ಸೀಸ ಇರುತ್ತೆ ಅಂತಾರೆ. ಭಯಪಡಬೇಕಾ?

ಎಚ್ಚರ ಬೇಕೇ ಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಆಯಿಲ್ ಪೇಂಟ್, ಬಾಗಿಲು ಕಿಟಕಿಯ ಎನಾಮೆಲ್, ಕಬ್ಬಿಣದ ಸರಳಿಗೆ ಬಳಿದ ಕೆಂಪು ಪ್ರೈಮರ್ ಇವುಗಳಲ್ಲಿ ಸೀಸವಿದೆ ಎಂದೇ ತಿಳಿದು ನಡೆದುಕೊಳ್ಳಿ. ಗೋಡೆಯಲ್ಲಿ ಗಟ್ಟಿಯಾಗಿ ಕೂತಿರುವ ಬಣ್ಣಕ್ಕಿಂತ ಅದನ್ನು ಒಣದಾಗಿ ಉಜ್ಜಿದಾಗ ಏಳುವ ದೂಳು ಹೆಚ್ಚು ಅಪಾಯಕಾರಿ, ಅದರಲ್ಲೂ ಚಿಕ್ಕ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ. ನೀರು ಸಿಂಪಡಿಸಿ ಒದ್ದೆಯಾಗಿಯೇ ಹೆರೆಸಿ, ಬೆಂಕಿ ಹಿಡಿದು ಸುಡಿಸಬೇಡಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಹಕ್ಕಳೆಗಳನ್ನು ಅದರಲ್ಲೇ ಸುತ್ತಿ ತೆಗೆಯಿರಿ, ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿ. ಆ ಕೋಣೆಯನ್ನು ಕೊನೆಗೆ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ನಮ್ಮ ನಡುಮನೆಯ ಗೋಡೆ ಕನ್ನಡಿ ಥರ ಹೊಳೆಯುತ್ತೆ, ಬರೀ ಕೊಳೆಯಾಗಿದೆ. ಅದಕ್ಕೂ ಬಣ್ಣ ಹೊಡೆಸಬೇಕಾ?

ದಯವಿಟ್ಟು ಹೊಡೆಸಬೇಡಿ. ಮೊಟ್ಟೆಯ ಬಿಳಿಯಂಥ ವಸ್ತುಗಳನ್ನು ಸೇರಿಸಿ, ಪದರದ ಮೇಲೆ ಪದರ ಎಳೆದು, ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ತಂದ ಸುಣ್ಣದ ಗಾರೆ ಅದು. ಇಂದು ಹಾಗೆ ಮಾಡಬಲ್ಲ ಕೈಗಳು ಬಹಳ ಕಡಿಮೆ. ಮೆತ್ತನೆಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಒರೆಸಿದರೆ ಕೊಳೆಯ ಬಹುಪಾಲು ಹೋಗುತ್ತದೆ. ನಿಂಬೆ, ವಿನೆಗರ್, ಆಸಿಡ್ ಮುಟ್ಟಿಸಬಾರದು, ಸುಣ್ಣ ಅವುಗಳಲ್ಲಿ ಕರಗಿ ಹೊಳಪು ಅಲ್ಲಿಗೇ ಮುಗಿಯುತ್ತದೆ.

ಹೆರೆಯುವಾಗ ಒಳಗೆ ಕೆಂಪು ಚಿತ್ತಾರ ಕಂಡಿತು. ಈಗ ಕೆಲಸ ಮುಂದುವರಿಸಬಹುದಾ?

ಆ ಗೋಡೆಯ ಮಟ್ಟಿಗೆ ಕೆಲಸ ನಿಲ್ಲಿಸಿ. ಉತ್ತರ ಕನ್ನಡದಿಂದ ಗೋವಾದವರೆಗಿನ ಕರಾವಳಿಯಲ್ಲಾದರೆ ಅದು ಕಾವಿ ಕಲೆಯಾಗಿರಬಹುದು: ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಹಾಕಿ, ಅದು ಹಸಿಯಿರುವಾಗಲೇ ಗೀರಿ ತೆಗೆದು ಬಿಳಿಯನ್ನು ಕಾಣಿಸುವ ಕೆಲಸ. ಉಳಿದ ಕಡೆ ಅದು ಭಿತ್ತಿಚಿತ್ರವೋ ಅಂಚಿನ ಬಳ್ಳಿಯೋ ಆಗಿರಬಹುದು. ಅಳಿದ ಚಿತ್ರವನ್ನು ಮತ್ತೆ ಬರೆಸಿದರೆ ಅದು ಮೂಲದ್ದಾಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಪೊಳ್ಳಿಲೂರು ಕದನದ ಚಿತ್ರವನ್ನು ಮಾಸಿದ ಮೇಲೆ ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಲಾಯಿತು, ಆದ್ದರಿಂದ ಇಂದು ಅಲ್ಲಿ ಕಾಣುವುದರಲ್ಲಿ ಟಿಪ್ಪುವಿನ ಕಾಲದ ಕೈ ಎಷ್ಟು ಎಂಬ ಪ್ರಶ್ನೆ ಉಳಿದೇ ಇದೆ.

ಚಿತ್ತಾರ ಕಂಡ ಜಾಗವನ್ನು ಓರೆಯಾಗಿ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಸುತ್ತ ಎರಡಿಂಚು ಚೌಕದ ಕೆಲವು ಕಿಂಡಿಗಳನ್ನು ಮಾತ್ರ, ಚಿಕ್ಕ ಅಲಗಿನಿಂದ ಒಂದೊಂದೇ ಸುಣ್ಣದ ಪದರ ಬಿಡಿಸುತ್ತಾ, ತೆರೆದು ನೋಡಿದರೆ ಚಿತ್ರ ಎಲ್ಲಿಯವರೆಗೆ ಹರಡಿದೆ ಎಂದು ಅಂದಾಜು ಸಿಗುತ್ತದೆ. ನೀರು, ಹಬೆ, ಮರಳು ಕಾಗದ ಯಾವುದನ್ನೂ ಬಳಸಬೇಡಿ. ಹಳೆಯ ಕಟ್ಟಡ, ಕಲೆಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸ್ಥಳೀಯ ಶಾಖೆಗೆ ಅಥವಾ ಸಂರಕ್ಷಣೆ ಬಲ್ಲ ವಾಸ್ತುಶಿಲ್ಪಿಗೆ ಫೋಟೊ ತೋರಿಸಿ ಸಲಹೆ ಕೇಳಿ. ಅವರು ಬರುವುದು ತಡವಾಗಿ, ಮದುವೆಯೋ ಗೃಹಪ್ರವೇಶವೋ ಹತ್ತಿರವಿದ್ದು ಗೋಡೆಯನ್ನು ಮುಚ್ಚಲೇಬೇಕಾದರೆ ಗೋಡೆಗೆ ತಾಗದಂತೆ ಮರದ ಚೌಕಟ್ಟಿಗೆ ಹತ್ತಿಬಟ್ಟೆ ಬಿಗಿದು ಮುಂದೆ ನಿಲ್ಲಿಸಿ. ಗಾಳಿಯಾಡಲು ಮೇಲೂ ಕೆಳಗೂ ನಾಲ್ಕು ಬೆರಳು ಸಂದು ಬಿಟ್ಟಿರಬೇಕು.